ಮಳೆಗೆ ಕೈಕೊಡುವ ಗೇಟ್ ಕ್ಯಾಮೆರಾ: ಕ್ಯಾಮೆರಾ ಬಿಚ್ಚುವ ಮೊದಲು ಪೈಪ್ ನೋಡಿ

"ಮಳೆ ಬಂದ್ರೆ ಗೇಟಿನ ಕ್ಯಾಮೆರಾ ಹೋಗ್ತದೆ, ಬಿಸಿಲು ಬಂದ್ರೆ ಪುನಃ ಬರ್ತದೆ. ಎಂತ ಮಾಡುವುದು ಮಾರಾಯ್ರೆ?"

ಜೂನ್ ಎರಡನೇ ವಾರದಿಂದ ಆಟಿ ತಿಂಗಳು (ಆಗಸ್ಟ್ ನಡುಭಾಗ) ಮುಗಿಯುವವರೆಗೆ ಉಡುಪಿಯಲ್ಲಿ ಈ ಮಾತು ನನ್ನ ಕಿವಿಗೆ ಬೀಳದ ವಾರವಿಲ್ಲ. ಕ್ಯಾಮೆರಾದ ಬದಲು ವಿಡಿಯೋ ಡೋರ್ ಫೋನ್ ಇರಬಹುದು, ಗೇಟ್ ಮೋಟಾರಿನ ಸೆನ್ಸರ್ ಇರಬಹುದು, ತೋಟದ 12 ವೋಲ್ಟ್ ದೀಪ ಇರಬಹುದು. ದೂರು ಅದೇ. ನಾನು ಬಿಚ್ಚಿ ನೋಡಿದ ಹೆಚ್ಚಿನ ಕಡೆ ಕಾರಣವೂ ಅದೇ: ವಯರ್ ಎಳೆದಿರುವ ಆ ಬೂದು ಬಣ್ಣದ, ಬಳೆ ಜೋಡಿಸಿಟ್ಟಂತೆ ಕಾಣುವ ಫ್ಲೆಕ್ಸಿಬಲ್ ಪಿವಿಸಿ ಪೈಪ್. ಅದು ನೀರನ್ನು ಹೊರಗಿಡುತ್ತದೆ ಎಂದು ನಂಬಿ ಹಾಕಿರುತ್ತಾರೆ. ಅದು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತಿರುತ್ತದೆ.

ಕಡಿಯಾಳಿ ಬದಿಯ ಒಂದು ಹಂಚಿನ ಮನೆಯಿಂದ ಶುರು ಮಾಡುತ್ತೇನೆ. ಕೆಂಪುಕಲ್ಲಿನ ಕಾಂಪೌಂಡ್, ಮನೆಯಿಂದ ಗೇಟಿಗೆ 28 ಮೀಟರ್. ಮೊದಲ ಮಳೆಗಾಲದಲ್ಲಿ ಕ್ಯಾಮೆರಾ ಸತ್ತಾಗ ಹೊಸದು ಹಾಕಿದವನು ನಾನೇ. ಮರುವರ್ಷ ಜುಲೈಯಲ್ಲಿ ಅದೂ ಸತ್ತಿತು. ಆಗ ಗೇಟಿನ ಕಂಬದ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಇನ್ಸುಲೇಶನ್ ಟೇಪ್ ಸುತ್ತಿದ್ದ ಜಾಯಿಂಟ್ ಊದಿಕೊಂಡಿತ್ತು. ಟೇಪ್ ಬಿಡಿಸಿದರೆ ಒಳಗೆ ಹಸಿರು ಬಣ್ಣದ ಮೆತ್ತನೆಯ ಕಿಲುಬು. ಪ್ಲಸ್ ವಯರಿನ ಎಳೆಗಳು ಸವೆದು ಎರಡೋ ಮೂರೋ ಉಳಿದಿದ್ದವು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಮೈನಸ್ ವಯರ್ ಮಾತ್ರ ಹೆಚ್ಚುಕಡಿಮೆ ತಾಮ್ರದ ಬಣ್ಣದಲ್ಲೇ ಇತ್ತು. ಡಿಸಿ ಹರಿಯುವ ಜಾಯಿಂಟಿನಲ್ಲಿ ನೀರು ನಿಂತರೆ ಹೀಗೇ ಆಗುತ್ತದೆ, ಪ್ಲಸ್ ಬದಿಯ ತಾಮ್ರ ಕರಗಿ ಹೋಗುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ಸ್ವಚ್ಛ ಎಂದು ಕಂಡರೆ ಅಲ್ಲಿ ನೀರು ಒಂದು ದಿನ ಬಂದು ಹೋದದ್ದಲ್ಲ, ವಾರಗಟ್ಟಲೆ ನಿಂತಿದೆ ಎಂದು ತಿಳಿಯಿರಿ. ನಾನು ಬದಲಿಸಿದ ಮೊದಲ ಕ್ಯಾಮೆರಾ ಬಹುಶಃ ಚೆನ್ನಾಗಿಯೇ ಇತ್ತು. ಆ ಮನೆಯವರು ಸುಮ್ಮನೆ ದುಡ್ಡು ಕೊಟ್ಟರಲ್ಲ ಎಂಬ ಬೇಸರ ನನಗೆ ಈಗಲೂ ಉಂಟು. ಈ ಕೈಪಿಡಿ ಬರೆಯಲು ಅದೂ ಒಂದು ಕಾರಣ.

ಹೆಸರಿನ ಗೊಂದಲ ಮೊದಲು ಬಿಡಿಸಿಕೊಳ್ಳೋಣ

ಅಂತರ್ಜಾಲದಲ್ಲಿ "ಲೋ ವೋಲ್ಟೇಜ್ ವೈರಿಂಗ್ ಕೋಡ್" ಎಂದು ಹುಡುಕಿದರೆ ಸಿಗುವುದರಲ್ಲಿ ಹೆಚ್ಚಿನದು ಅಮೆರಿಕದ್ದು. ಅಲ್ಲಿ ಮನೆ ಕೆಲಸದವರು ಲೋ ವೋಲ್ಟೇಜ್ ಎನ್ನುವುದು ಬೆಲ್, ಕ್ಯಾಮೆರಾ, ನೆಟ್‌ವರ್ಕ್ ಕೇಬಲಿಗೆ. ನಮ್ಮಲ್ಲಿ, ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ) ಲೆಕ್ಕದಲ್ಲಿ, ಎಸಿ 1000 ವೋಲ್ಟ್‌ವರೆಗೂ ಲೋ ವೋಲ್ಟೇಜ್ ಆದ್ದರಿಂದ ಮನೆಯ 230 ವೋಲ್ಟ್ ಕೂಡ ಅದರಲ್ಲೇ ಬರುತ್ತದೆ. ಕ್ಯಾಮೆರಾದ 12 ವೋಲ್ಟ್, ಗೇಟ್ ಮೋಟಾರಿನ 24 ವೋಲ್ಟ್, ಪಿಒಇಯ (ನೆಟ್‌ವರ್ಕ್ ಕೇಬಲಿನಲ್ಲೇ ಪವರ್ ಕಳಿಸುವ ವಿಧಾನ) 48 ವೋಲ್ಟ್ ಇವೆಲ್ಲ ಎಕ್ಸ್‌ಟ್ರಾ ಲೋ ವೋಲ್ಟೇಜ್. ಅದರ ಮಿತಿ ಎಸಿಯಲ್ಲಿ 50 ವೋಲ್ಟ್, ಡಿಸಿಯಲ್ಲಿ 120 ವೋಲ್ಟ್. ಒಂದು ದೇಶದ ನಿಯಮ ಓದಿ ಇನ್ನೊಂದು ದೇಶದ ಅರ್ಥ ಹಚ್ಚಿದರೆ 230ರ ವಯರನ್ನು ಬೆಲ್ಲಿನ ವಯರಿನಂತೆ ಎಳೆದುಬಿಡುವ ಅಪಾಯ ಉಂಟು.

ಎನ್‌ಇಸಿ ಎಂಬ ಮೂರಕ್ಷರದ್ದೂ ಇದೇ ಕತೆ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಎಂದರೆ ಎನ್‌ಎಫ್‌ಪಿಎ 70, ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ. ಭಾರತದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಬೇರೆ, ಅದು ಬಿಐಎಸ್‌ನ (ಭಾರತೀಯ ಮಾನಕ ಸಂಸ್ಥೆಯ) ಎಸ್‌ಪಿ 30. ವೈರಿಂಗ್ ಕೆಲಸಕ್ಕೆ ಐಎಸ್ 732 ಇದೆ, 2019ರಲ್ಲಿ ಪರಿಷ್ಕರಣೆಯಾಗಿದೆ. ಬಗ್ಗುವ ಪ್ಲಾಸ್ಟಿಕ್ ಕಾಂಡ್ಯೂಟಿಗೆ (ವಯರ್ ಎಳೆಯುವ ಪೈಪಿಗೆ) ಐಎಸ್ 9537ರ 5ನೇ ಭಾಗ, ಗಟ್ಟಿ ಪಿವಿಸಿ ಕಾಂಡ್ಯೂಟಿಗೆ ಅದರ 3ನೇ ಭಾಗ. ಅಂಗಡಿಯಲ್ಲಿ ಪೈಪಿನ ಮೇಲೆ ಈ ಸಂಖ್ಯೆ ಅಚ್ಚಾಗಿದೆಯೇ ನೋಡಿ ತೆಗೆದುಕೊಳ್ಳಿ. ಸಂಖ್ಯೆಯೇ ಇಲ್ಲದ ತೆಳು ಪೈಪ್ ಒಂದೆರಡು ಬೇಸಿಗೆಯ ಬಿಸಿಲಿಗೆ ಬಿಳಿಚಿ, ಹಪ್ಪಳದಂತೆ ಮುರಿಯುತ್ತದೆ.

ಅಮೆರಿಕದ ಕೋಡಿನಲ್ಲಿ ನಮ್ಮ ಊರಿಗೆ ಹೇಳಿ ಬರೆಸಿದಂತಿರುವ ಒಂದು ಮಾತಿದೆ, 300.9ನೇ ವಿಭಾಗ. ನೆಲದ ಮೇಲೆ, ಒದ್ದೆಯಾಗುವ ಜಾಗದಲ್ಲಿ ಪೈಪ್ ಹಾಕಿದರೆ ಆ ಪೈಪಿನ ಒಳಭಾಗವನ್ನೂ ಒದ್ದೆ ಜಾಗವೆಂದೇ ಎಣಿಸಬೇಕು. ಪೈಪ್ ಹಾಕಿದೆವಲ್ಲ, ಒಳಗೆ ಒಣಗಿರುತ್ತದೆ ಎಂಬ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಉಡುಪಿಯಲ್ಲಿ ನಾವು ಇದನ್ನು ಇನ್ನೂ ಮೊದಲೇ ಒಪ್ಪಿಕೊಳ್ಳಬೇಕಿತ್ತು. ಮುಂದಿನ ತಪಾಸಣೆಯೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ

ಉಪಕರಣ ಮುಟ್ಟುವ ಮೊದಲು ಮನೆಯವರ ಹತ್ತಿರ ಹೊತ್ತು ಕೇಳಿ. ರೆಕಾರ್ಡರ್ ಇದ್ದರೆ ಅದರ ಲಾಗ್‌ನಲ್ಲಿ ಸಂಪರ್ಕ ಕಡಿದ ಸಮಯ ಸಿಗುತ್ತದೆ. ನಾನು ಈ ಒಂದು ಕೆಲಸಕ್ಕೆ ಕಾಲು ಗಂಟೆ ಕೊಡುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಜೋರು ಮಳೆ ಶುರುವಾಗಿ ಐದು ಹತ್ತು ನಿಮಿಷದಲ್ಲಿ ಹೋಗಿ, ಮಳೆ ಬಿಟ್ಟು ಒಂದೆರಡು ಗಂಟೆಯಲ್ಲಿ ತಾನಾಗಿ ಬಂದರೆ ನೀರು ನೇರವಾಗಿ ಕನೆಕ್ಟರಿಗೆ ಬೀಳುತ್ತಿದೆ. ಕ್ಯಾಮೆರಾದ ಬಾಲದ ಪ್ಲಗ್ ತೆರೆದಿರಬಹುದು, ಬಾಕ್ಸಿಗೆ ಪೈಪ್ ಮೇಲಿನಿಂದ ಇಳಿದಿರಬಹುದು. ಇದು ಸುಲಭದ ಕೆಲಸ.

ಮಳೆ ಶುರುವಾಗಿ ಒಂದು ದಿನ ಕಳೆದ ಮೇಲೆ ಹೋಗಿ, ಮಳೆ ಬಿಟ್ಟು ಮೂರು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಬಂದರೆ ಪೈಪಿನೊಳಗೆ ನೀರು ನಿಂತಿದೆ. ಕಡಿಯಾಳಿಯ ಮನೆಯದು ಇದೇ. ಗೋಡೆಗುಂಟ ಎಳೆದ ಫ್ಲೆಕ್ಸಿಬಲ್ ಪೈಪ್ ಸ್ಯಾಡಲ್ (ಗೋಡೆಗೆ ಹಿಡಿಯುವ ಕ್ಲಿಪ್) ಇಲ್ಲದ ಕಡೆ ಜೋಲುಬಿದ್ದು ಹೊಟ್ಟೆಯಾಗಿತ್ತು. ಆ ಹೊಟ್ಟೆಯಲ್ಲಿ ನೀರು. ಸ್ವಲ್ಪ ಇಳಿಜಾರು ಕೊಟ್ಟರೂ ಈ ಪೈಪ್ ಗಟ್ಟಿ ಪೈಪಿನಂತೆ ಪೂರ್ತಿ ಬರಿದಾಗುವುದಿಲ್ಲ, ಏಕೆಂದರೆ ಒಳಗಿನ ಪ್ರತಿ ಬಳೆಯೂ ಒಂದಿಷ್ಟು ನೀರನ್ನು ತನ್ನ ಪಾಲಿಗೆ ಇಟ್ಟುಕೊಳ್ಳುತ್ತದೆ.

ಮಳೆಯೇ ಇಲ್ಲದ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಮೂರು ನಾಲ್ಕಕ್ಕೆ ಹೋಗಿ ಒಂಬತ್ತಕ್ಕೆ ಬಂದರೆ ಅದು ಪೈಪಿನೊಳಗಿನ ಇಬ್ಬನಿ. ಹಗಲು ಕಾದ ಪೈಪಿನಿಂದ ಗಾಳಿ ಹೊರಹೋಗುತ್ತದೆ, ರಾತ್ರಿ ತಣಿದಾಗ ಕರಾವಳಿಯ ತೇವದ ಗಾಳಿ ಒಳಗೆ ಬಂದು ಗೋಡೆಗೆ ಹನಿಯಾಗಿ ಕೂರುತ್ತದೆ. ಎರಡೂ ತುದಿಗೆ ಸಿಲಿಕೋನ್ ತುಂಬಿ ಮುಚ್ಚಿದ ಪೈಪಿನಲ್ಲೂ ಇದು ನಡೆಯುತ್ತದೆ. ಎಲ್ಲೋ ಒಂದು ಕೂದಲೆಳೆಯ ಸಂದಿ ಇದ್ದೇ ಇರುತ್ತದೆ, ಒಳಬಂದ ತೇವಕ್ಕೆ ಹೊರಹೋಗುವ ದಾರಿ ಮಾತ್ರ ಇರುವುದಿಲ್ಲ.

ಪ್ರತಿದಿನ ಕತ್ತಲಾಗುತ್ತಲೇ ಹೋಗುವುದು ಬೇರೆ ರೋಗ. ಕತ್ತಲಾದಾಗ ಕ್ಯಾಮೆರಾದ ಇನ್ಫ್ರಾರೆಡ್ ದೀಪ ಹೊತ್ತಿಕೊಂಡು ಕರೆಂಟ್ ಹೆಚ್ಚು ಎಳೆಯುತ್ತದೆ, ತೆಳು ವಯರಿನಲ್ಲಿ ವೋಲ್ಟೇಜ್ ಇಳಿಯುತ್ತದೆ. 0.5 ಚದರ ಮಿ.ಮೀ. ತಾಮ್ರದ ವಯರಿಗೆ ಮೀಟರಿಗೆ ಸುಮಾರು 0.039 ಓಮ್. 30 ಮೀಟರ್ ದೂರ ಎಂದರೆ ಹೋಗಿ ಬರುವ 60 ಮೀಟರಿಗೆ 2.34 ಓಮ್. ಅರ್ಧ ಆಂಪಿಯರ್ ಹರಿದರೆ 1.17 ವೋಲ್ಟ್ ದಾರಿಯಲ್ಲೇ ಹೋಗಿ ಕ್ಯಾಮೆರಾಕ್ಕೆ ಸಿಗುವುದು 10.83 ವೋಲ್ಟ್. ಅಗ್ಗದ ಕೇಬಲಿನಲ್ಲಿ ತಾಮ್ರ ಲೇಪಿಸಿದ ಅಲ್ಯುಮಿನಿಯಂ ಇದ್ದರೆ ಇನ್ನೂ ಕೆಳಗೆ. ದೀಪ ಹೊತ್ತಿರುವಾಗಲೇ ಕ್ಯಾಮೆರಾ ತುದಿಯಲ್ಲಿ ಅಳೆಯಿರಿ. ಹಗಲಿನಲ್ಲಿ ಅಳೆದು 12 ಬಂತು ಎಂದು ಸಮಾಧಾನಪಟ್ಟುಕೊಳ್ಳಬೇಡಿ.

ಬಾವಿಯ ಪಂಪ್ ಹಾಕಿದಾಗ ಚಿತ್ರದಲ್ಲಿ ಪಟ್ಟೆ ಓಡುವುದು, ಕ್ಯಾಮೆರಾ ಮರುಚಾಲೂ ಆಗುವುದು ಕಂಡರೆ ನಿಲ್ಲಿ. ಏನನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಒಂದೇ ಪೈಪಿನಲ್ಲಿ 230 ಮತ್ತು 12 ಎರಡೂ ಹೋಗಿರುವ ಸಾಧ್ಯತೆ ಉಂಟು.

ಸಿಡಿಲಿನ ನಂತರ ಸತ್ತದ್ದಕ್ಕೂ ಪೈಪಿಗೂ ಸಂಬಂಧವಿಲ್ಲ. ಪ್ಲಾಸ್ಟಿಕ್ ಪೈಪ್ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಅಲ್ಲಿ ನೋಡಬೇಕಾದ್ದು ಸರ್ಜ್ ಪ್ರೊಟೆಕ್ಟರ್ (ಹಠಾತ್ ಏರುವ ವೋಲ್ಟೇಜ್ ತಡೆಯುವ ಸಾಧನ) ಮತ್ತು ಅರ್ಥಿಂಗ್.

ಒಂದೇ ಪೈಪಿನಲ್ಲಿ ಎರಡು ವೋಲ್ಟೇಜ್

ಇದೊಂದು ಜೀವದ ವಿಷಯವಾದ್ದರಿಂದ ತಪಾಸಣೆಗಿಂತ ಮೊದಲೇ ಹೇಳುತ್ತೇನೆ. ಗೇಟಿನ ದೀಪಕ್ಕೆ 230 ಬೇಕು, ಕ್ಯಾಮೆರಾಕ್ಕೆ ಕೇಬಲ್ ಬೇಕು, ಪೈಪ್ ಒಂದೇ ಇದೆ, ಎರಡನ್ನೂ ತುರುಕಿಬಿಡುತ್ತಾರೆ. "ಚಿತ್ರಕ್ಕೆ ತೊಂದರೆಯಾಗಲಿಲ್ಲವಲ್ಲ" ಎನ್ನುತ್ತಾರೆ. ನಿಜ, ಹೆಣೆದ ಜೋಡಿಯ ನೆಟ್‌ವರ್ಕ್ ಕೇಬಲಿಗೆ ಪಕ್ಕದ ಮೇನ್ಸ್‌ನಿಂದ ಅಷ್ಟಾಗಿ ತೊಂದರೆಯಾಗುವುದಿಲ್ಲ. ಆದರೆ ಬೇರೆ ಇಡಿ ಎಂಬ ನಿಯಮದ ಮುಖ್ಯ ಕಾರಣ ಚಿತ್ರವಲ್ಲ. ಇಲಿ ಕಚ್ಚಿಯೋ, ಎಳೆಯುವಾಗ ಸಿಪ್ಪೆ ಸುಲಿದೋ, ನೀರು ನಿಂತೋ ಇನ್ಸುಲೇಶನ್ ಹೋದರೆ ಫೇಸ್ ನೇರವಾಗಿ ಕ್ಯಾಮೆರಾದ ಲೋಹದ ಮೈಗೆ, ಡೋರ್ ಫೋನಿನ ಗುಂಡಿಗೆ ಬರುತ್ತದೆ. ಮಳೆಯಲ್ಲಿ ಒದ್ದೆ ಕೈಯಲ್ಲಿ ಬೆಲ್ ಒತ್ತುವುದು ಶಾಲೆಯಿಂದ ಬಂದ ಮಗು.

ಅಮೆರಿಕದ ಕೋಡ್ ಕ್ಲಾಸ್ 2 ಸರ್ಕ್ಯೂಟನ್ನು (ಬೆಲ್, ಕ್ಯಾಮೆರಾದಂಥ ಕಡಿಮೆ ಶಕ್ತಿಯದನ್ನು) ಪವರ್ ವಯರಿನ ಜತೆ ಒಂದೇ ಪೈಪಿನಲ್ಲಿ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ, ತೆರೆದು ಎಳೆದಾಗಲೂ 50 ಮಿ.ಮೀ. ಅಂತರ ಕೇಳುತ್ತದೆ. ಐಇಸಿಯ ವೈರಿಂಗ್ ಮಾನಕ 60364 ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ: ಕಡಿಮೆ ವೋಲ್ಟೇಜಿನ ವಯರಿನ ಇನ್ಸುಲೇಶನ್ ಜತೆಗಿರುವ ಅತಿ ಹೆಚ್ಚು ವೋಲ್ಟೇಜನ್ನು ತಾಳುವಂತಿದ್ದರೆ, ಅಥವಾ ಹೆಚ್ಚುವರಿ ಹೊದಿಕೆ ಇದ್ದರೆ ಒಟ್ಟಿಗೆ ಹೋಗಬಹುದು. ಕಾಗದದ ಮೇಲೆ ಅದು ಸರಿ. ಕರಾವಳಿಯ ಹೊರಗೋಡೆಯ ಮೇಲೆ ನಾನು ಒಟ್ಟಿಗೆ ಹಾಕುವುದಿಲ್ಲ. ಎರಡನೇ ಪೈಪಿನ ಖರ್ಚು ತೀರಾ ಸಣ್ಣದು.

ಒಟ್ಟಿಗೆ ಹೋಗಿದೆ ಎಂದು ಗುಮಾನಿ ಬಂದರೆ ಮೊದಲು ಮೇನ್ ಆಫ್ ಮಾಡಿಯೇ ಬಾಕ್ಸ್ ತೆರೆಯಿರಿ. ಅಳತೆಗೆಂದು ಪುನಃ ಆನ್ ಮಾಡಿದಾಗ ಡಿಜಿಟಲ್ ಮಲ್ಟಿಮೀಟರ್ 12 ವೋಲ್ಟ್ ವಯರಿನಲ್ಲಿ ಎಸಿ 40, 60 ಎಂದು ತೋರಿಸಬಹುದು. ಉದ್ದಕ್ಕೆ ಅಕ್ಕಪಕ್ಕ ಮಲಗಿದ ವಯರುಗಳ ನಡುವಿನ ಕೆಪಾಸಿಟೆನ್ಸ್‌ನಿಂದ (ತಾಗದೆಯೇ ಎಸಿ ದಾಟುವ ಗುಣದಿಂದ) ಬರುವ ಹುಸಿ ವೋಲ್ಟೇಜ್ ಅದಾಗಿರಬಹುದು, ಮೀಟರಿನ ಒಳರೋಧ 10 ಮೆಗಾ ಓಮ್‌ನಷ್ಟು ಇರುವುದರಿಂದ ಅದೂ ಕಾಣುತ್ತದೆ. ಲೋ ಇಂಪೀಡೆನ್ಸ್ (ಕಡಿಮೆ ಒಳರೋಧದ) ಮೋಡ್ ಇರುವ ಮೀಟರಿನಲ್ಲಿ ಅದು ಕುಸಿದುಹೋಗುತ್ತದೆ. ಕುಸಿಯದಿದ್ದರೆ ಇನ್ಸುಲೇಶನ್ ನಿಜವಾಗಿ ಹೋಗಿದೆ. ಮೇನ್ ಇಳಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬರುವವರೆಗೆ ಏರಿಸಬೇಡಿ. ಟೆಸ್ಟರ್ ಸ್ಕ್ರೂಡ್ರೈವರಿನ ದೀಪ ಎರಡು ಸಂದರ್ಭದಲ್ಲೂ ಹೊತ್ತಬಹುದು, ಅದನ್ನು ನಂಬಿ ತೀರ್ಮಾನ ಬೇಡ. ಗೇಟಿನ 230 ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂಬುದನ್ನೂ ಆಗಲೇ ನೋಡಿ.

ದೋಷ ಹಿಡಿಯುವ ಕ್ರಮ

ಮೊದಲ ಪರೀಕ್ಷೆಗೆ ಮೀಟರೂ ಬೇಡ. ಹೊಸ ಕೇಬಲೊಂದನ್ನು ಪೈಪಿನ ಹೊರಗೆ, ಅಂಗಳದ ಮೇಲೆಯೇ ಹಾಸಿ ಕ್ಯಾಮೆರಾಕ್ಕೆ ಕೊಡಿ. ಕ್ಯಾಮೆರಾ ಎದ್ದು ಒಂದು ರಾತ್ರಿ ನಿಂತರೆ ಕ್ಯಾಮೆರಾ, ಅಡಾಪ್ಟರ್, ರೆಕಾರ್ಡರ್ ಎಲ್ಲ ಸರಿ ಇದೆ. ದೋಷ ಪೈಪಿನ ಎರಡು ತುದಿಗಳ ನಡುವೆ ಉಂಟು. ನಾನು ಆ ಮೊದಲ ವರ್ಷ ಇಷ್ಟು ಮಾಡಿದ್ದರೆ ಸಾಕಿತ್ತು.

ಮುಂದೆ ಹಳೇ ಕೇಬಲಿನ ಎರಡೂ ತುದಿ ಬಿಚ್ಚಿ, ಸರ್ಜ್ ಪ್ರೊಟೆಕ್ಟರ್ ಇದ್ದರೆ ಅದನ್ನೂ ಬೇರ್ಪಡಿಸಿ, ವಯರಿನಿಂದ ವಯರಿಗೆ 250 ವೋಲ್ಟ್‌ನಲ್ಲಿ ಮೆಗ್ಗರ್ ಮಾಡಿ (ಇನ್ಸುಲೇಶನ್ ರೋಧ ಅಳೆಯುವ ಮೀಟರ್ ಹಚ್ಚಿ). ಎಕ್ಸ್‌ಟ್ರಾ ಲೋ ವೋಲ್ಟೇಜ್ ಸರ್ಕ್ಯೂಟಿಗೆ ಐಇಸಿ 60364ರ 6ನೇ ಭಾಗ ಹೇಳುವ ಪರೀಕ್ಷಾ ವೋಲ್ಟೇಜ್ ಅದೇ, ಕನಿಷ್ಠ 0.5 ಮೆಗಾ ಓಮ್ ಬರಬೇಕು. ಉಪಕರಣ ಬಿಚ್ಚದೆ ಮೆಗ್ಗರ್ ಹಚ್ಚಿದರೆ ಕ್ಯಾಮೆರಾ ಅಲ್ಲೇ ಮುಗಿಯಿತು. ಒಳ್ಳೆಯ ಕೇಬಲ್ ನೂರಾರು ಮೆಗಾ ಓಮ್ ತೋರಿಸುತ್ತದೆ. 0.6 ಬಂತು, ಪಾಸಾಯಿತು ಎಂದು ಬಿಡಬೇಡಿ, ಅದು ಮುಂದಿನ ಮಳೆಗೆ ಹೋಗುವ ಕೇಬಲ್.

ಕಡಿಮೆ ಬಂದರೆ ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ಎರಡು ಭಾಗ ಮಾಡಿ, ಕೆಟ್ಟ ಅರ್ಧವನ್ನು ಪುನಃ ಅರ್ಧ ಮಾಡಿ. ಪಿಒಇ ಕೇಬಲಾದರೆ ಮೊದಲು ಆರ್‌ಜೆ 45 ಪ್ಲಗ್ಗಿನ ನೀಲಿ ಜೋಡಿ ನೋಡಿ. ಬಿಡಿ ಜೋಡಿಯಲ್ಲಿ ಪವರ್ ಕಳಿಸುವ ಸ್ವಿಚ್‌ಗಳಲ್ಲಿ 4 ಮತ್ತು 5ನೇ ಪಿನ್ ಪ್ಲಸ್, ಹಸಿರು ಕಿಲುಬು ಹತ್ತುವುದು ಅಲ್ಲಿಂದ.

ಕೇಬಲ್ ಎಳೆದು ತೆಗೆಯುವಾಗ ಅದರ ಬಾಲಕ್ಕೆ ನೈಲಾನ್ ದಾರ ಕಟ್ಟಿ. ಆ ದಾರಕ್ಕೆ ಒಂದು ಬಿಳಿ ಬಟ್ಟೆಯ ಪಟ್ಟಿ ಕಟ್ಟಿ ಪೈಪಿನ ಉದ್ದಕ್ಕೂ ಎಳೆಯಿರಿ. ಬಟ್ಟೆ ಹೊರಬಂದಾಗ ಅದರ ಬಣ್ಣ ಓದಿ. ಕೆಂಪು ಮಣ್ಣಿನ ಕಲೆ ಬಂದರೆ ನೀರು ನೆಲದ ಬದಿಯಿಂದಲೋ ಕೆಂಪುಕಲ್ಲಿನ ಗೋಡೆಯೊಳಗಿಂದಲೋ ಬಂದಿದೆ. ಕೆಂಪುಕಲ್ಲು ಮಳೆಗಾಲದುದ್ದಕ್ಕೂ ನೀರು ಹೀರಿ ನಿಲ್ಲುತ್ತದೆ, ಗೋಡೆ ಕೊರೆದು ಹೂತ ಪೈಪಿನ ಜಾಯಿಂಟಿಗೆ ಅಲ್ಲಿಂದಲೇ ಬರುತ್ತದೆ. ಕಪ್ಪು ಬೂಸ್ಟು ಬಂದರೆ ಇಬ್ಬನಿ, ಹೊರಗಿನ ಮಣ್ಣು ಬಂದಿಲ್ಲ. ಮಲ್ಪೆ, ಕಾಪು ಬದಿಯ ಕಡಲ ಮಗ್ಗುಲಿನ ಮನೆಗಳಲ್ಲಿ ಒಣಗಿದ ಬಟ್ಟೆಯ ಮೇಲೆ ಬಿಳಿ ಪುಡಿಯೂ ಕಾಣಬಹುದು, ಅದು ಉಪ್ಪು. ಬಟ್ಟೆಗೆ ಇರುವೆಯ ಮೊಟ್ಟೆ ಅಂಟಿ ಬಂದ ಸಂದರ್ಭವೂ ಉಂಟು.

ಕಡಿಯಾಳಿಯಲ್ಲಿ ಬಂದದ್ದು ಕೆಂಪು. ಅಂಗಳ ದಾಟುವ ನಾಲ್ಕು ಮೀಟರನ್ನು ಅದೇ ಬೂದು ಪೈಪಿನಲ್ಲಿ ಮಣ್ಣಿನಡಿ ಹೂತಿದ್ದರು. ಕಾರಿನ ಚಕ್ರ ಹಾದು ಹಾದು ಪೈಪ್ ಚಪ್ಪಟೆಯಾಗಿ ಒಡೆದಿತ್ತು.

ಸರಿಪಡಿಸುವಾಗ

ಹೊರಗೋಡೆಯ ಉದ್ದದ ಓಟಕ್ಕೆ ಗಟ್ಟಿ ಪಿವಿಸಿ ಹಾಕಿ. ಫ್ಲೆಕ್ಸಿಬಲ್ ಇರಬೇಕಾದ್ದು ಕೊನೆಯ ತುಂಡಿನಲ್ಲಿ, ಅಲುಗಾಡುವ ಅಥವಾ ತಿರುಗಿಸಬೇಕಾದ ಕಡೆ ಮಾತ್ರ. ನೀರು ತಡೆಯುವ ಬಗ್ಗುವ ಪೈಪಿಗೆ ಅಮೆರಿಕದ ಕೋಡಿನ 356ನೇ ಆರ್ಟಿಕಲ್ ಕೇಳುವುದು ಬಾಕ್ಸಿನಿಂದ 300 ಮಿ.ಮೀ. ಒಳಗೆ ಒಂದು ಹಿಡಿತ, ನಂತರ 900 ಮಿ.ಮೀ.ಗೊಂದು. ಹೊಟ್ಟೆ ಬೀಳದಂತೆ ಇಡಲು ಇದು ಒಳ್ಳೆಯ ಲೆಕ್ಕ, ನಾನು ಬಿಸಿಲು ಬೀಳುವ ಗೋಡೆಯಲ್ಲಿ ಇನ್ನೂ ಹತ್ತಿರ ಹಾಕುತ್ತೇನೆ. ಎರಡು ಬಾಕ್ಸುಗಳ ನಡುವೆ ಬಾಗುಗಳೆಲ್ಲ ಸೇರಿ 360 ಡಿಗ್ರಿ ಮೀರಬಾರದು ಎಂಬುದೂ ಅಲ್ಲಿಯದೇ. ಮೀರಿದರೆ ಕೇಬಲ್ ಎಳೆಯುವಾಗಲೇ ಸಿಪ್ಪೆ ಸುಲಿಯುತ್ತದೆ.

ಮಣ್ಣಿನಡಿ ಬೇರೆ ಪೈಪೇ ಬೇಕು. ಐಎಸ್ 14930ರ 2ನೇ ಭಾಗಕ್ಕೆ ಹೊಂದುವ ಎರಡು ಪದರದ ಎಚ್‌ಡಿಪಿಇ ಪೈಪ್ ಸಿಗುತ್ತದೆ. ಒಳಗೆ ನೀರು ಬಂದೇ ಬರುತ್ತದೆ ಎಂದುಕೊಂಡು ಜೆಲ್ ತುಂಬಿದ ಹೊರಾಂಗಣ ಕೇಬಲ್ ಎಳೆಯಿರಿ, ನಡುವೆ ಜಾಯಿಂಟ್ ಬೇಡ.

ಪೈಪಿಗೆ ತುಂಬುವ ಪ್ರಮಾಣದ ಬಗ್ಗೆ ಒಂದು ಮಾತು. ಪವರ್ ವಯರಿಗೆಂದು ಇರುವ ಲೆಕ್ಕದಲ್ಲಿ ಎರಡಕ್ಕಿಂತ ಹೆಚ್ಚು ಕೇಬಲಿದ್ದರೆ ಪೈಪಿನ ಒಳಜಾಗದ 40 ಶೇಕಡಾ ಮಾತ್ರ ತುಂಬಬೇಕು. 20 ಮಿ.ಮೀ. ಫ್ಲೆಕ್ಸಿಬಲ್ಲಿನ ಒಳವ್ಯಾಸ 15 ಮಿ.ಮೀ. ಎಂದಿಟ್ಟುಕೊಂಡರೆ 6 ಮಿ.ಮೀ. ದಪ್ಪದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಮೂರು ಹಾಕಿದಾಗ 48 ಶೇಕಡಾ ಆಗುತ್ತದೆ. ಎರಡಕ್ಕೆ ನಿಲ್ಲಿಸಿ, ಮೂರನೆಯದಕ್ಕೆ 25ರ ಪೈಪ್ ತನ್ನಿ.

ಬಾಕ್ಸಿಗೆ ಪೈಪ್ ಯಾವತ್ತೂ ಕೆಳಗಿನಿಂದ ಹತ್ತಬೇಕು, ಗ್ಲ್ಯಾಂಡ್ (ಬಾಕ್ಸಿನ ತೂತಿಗೆ ಬಿಗಿಯುವ ಸೀಲ್) ಹಾಕಿ. ಮೇಲಿನಿಂದಲೇ ಬರಬೇಕಾದ ಕಡೆ ಬಾಕ್ಸಿಗಿಂತ ಕೆಳಗೆ ಇಳಿಸಿ ಸೊಂಡಿಲಿನಂತೆ ತಿರುಗಿಸಿ ಹತ್ತಿಸಿ, ಆ ಸೊಂಡಿಲಿನ ತಳದಲ್ಲಿ ಒಂದು ಸಣ್ಣ ತೂತು ಬಿಡಿ. ಬಾಕ್ಸಿನ ತಳಕ್ಕೂ ತೂತು ಬೇಕು. ಅಮೆರಿಕದ ಕೋಡ್ ಅದಕ್ಕೆ ಅಳತೆಯನ್ನೂ ಕೊಡುತ್ತದೆ, 3 ಮಿ.ಮೀ.ಗಿಂತ ಸಣ್ಣದಲ್ಲ, 6ಕ್ಕಿಂತ ದೊಡ್ಡದಲ್ಲ. ಹೊರಗೋಡೆಯ ಪೈಪುಗಳಿಂದ ನೀರು ಇಳಿದುಹೋಗುವಂತಿರಬೇಕು ಎಂದು ಅದರ 225.22ನೇ ವಿಭಾಗವೂ ಹೇಳುತ್ತದೆ. ಸಿಲಿಕೋನ್ ಹಚ್ಚುವುದಿದ್ದರೆ ಮೇಲಿನ ತುದಿಗೆ ಹಚ್ಚಿ, ಕೆಳಗಿನದನ್ನು ಉಸಿರಾಡಲು ಬಿಡಿ. ಇರುವೆ ಬರುತ್ತದೆ ಎಂದು ಮನೆಯವರು ತೂತು ಮುಚ್ಚಲು ಹೇಳುತ್ತಾರೆ. ಮುಚ್ಚಬೇಡಿ, ಸ್ಟೀಲಿನ ಸಣ್ಣ ಬಲೆ ಒಳಗಿನಿಂದ ಕೂರಿಸಿ. ಜಾಯಿಂಟಿಗೆ ಟೇಪ್ ಬೇಡವೇ ಬೇಡ, ಜೆಲ್ ಇರುವ ಕನೆಕ್ಟರ್ ಬಳಸಿ.

ಕೆಲಸ ಮುಗಿದ ಮೇಲೆ ಮೆಗ್ಗರ್ ಓದನ್ನು ಬಾಕ್ಸಿನ ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ದಿನಾಂಕ ಸಹಿತ ಬರೆಯಿರಿ. ಆಮೇಲೆ ತೋಟದ ಪೈಪ್ ಹಿಡಿದು ಗೋಡೆಗೆ, ಬಾಕ್ಸಿಗೆ, ಕ್ಯಾಮೆರಾದ ಬುಡಕ್ಕೆ ಇಪ್ಪತ್ತು ನಿಮಿಷ ನೀರು ಬಿಡಿ. ಮರುದಿನ ಹೋಗಿ ಪುನಃ ಮೆಗ್ಗರ್ ಮಾಡಿ, ಪಕ್ಕದಲ್ಲೇ ಬರೆಯಿರಿ. ಕಡಿಯಾಳಿಯಲ್ಲಿ ನೀರು ಬಿಟ್ಟು ಸ್ವಲ್ಪ ಹೊತ್ತಿಗೆ ಬಾಕ್ಸಿನ ತಳದ ತೂತಿನಿಂದ ಹನಿ ಬೀಳತೊಡಗಿತು. ಮನೆಯವರಿಗೆ ಗಾಬರಿ, ಲೀಕ್ ಆಗ್ತಾ ಉಂಟಲ್ಲ ಎಂದರು. ಬೀಳಲಿ, ಬೀಳಬೇಕಾದ್ದೇ ಅಲ್ಲಿ ಎಂದೆ. ಮರುದಿನದ ಓದು ಹಿಂದಿನ ದಿನದಷ್ಟೇ ಇತ್ತು.